ಬಿಡುವುದು ಒಂದು ದಿನ, ಬಿಟ್ಟಿರುವುದು ದಿನಾ

ಪ್ರತಿ ವರ್ಷ ಮುಂಗಾರಿನ ಮೊದಲ ದಿನಗಳಲ್ಲಿ ಚಿಕ್ಕೋಡಿ ತಾಲ್ಲೂಕಿನ ಅಂಕಲಿಯಿಂದ ಎರಡು ಕುದುರೆಗಳು ಹೊರಡುತ್ತವೆ. ಶಿತೋಳೆ ಸರದಾರರ ಮನೆತನದ ಕುದುರೆಗಳಿವು. ಸುಮಾರು 300 ಕಿಲೋಮೀಟರ್ ದಾರಿಯನ್ನು ನಡೆದೇ ಸವೆಸಿ ಅವು ಪುಣೆ ಬಳಿಯ ಆಳಂದಿಯನ್ನು ಮುಟ್ಟುತ್ತವೆ. ಅಲ್ಲಿಂದ ಸಂತ ಜ್ಞಾನೇಶ್ವರರ ಪಾಲಖಿಯೊಂದಿಗೆ ಹೆಜ್ಜೆ ಹಾಕಿ ಆಷಾಢ ಏಕಾದಶಿಯ ಹೊತ್ತಿಗೆ ಪಂಢರಪುರ ಸೇರುತ್ತವೆ. ಒಂದು ಕುದುರೆಯ ಮೇಲೆ ಸವಾರನಿರುತ್ತಾನೆ. ಇನ್ನೊಂದರ ಬೆನ್ನು ಬರಿದು. ಅದು ಜ್ಞಾನೇಶ್ವರರಿಗೆಂದು ಮೀಸಲು. ಹೈಬತ್‌ರಾವ್ ಬಾಬಾ ಎಂಬ ಭಕ್ತರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಈ ಪಾಲಖಿ ಯಾತ್ರೆಗೆ ಈಗಿನ ಶಿಸ್ತು ಕೊಟ್ಟಾಗ ಅಂಕಲಿಯ ಈ ಮನೆತನ ಬೆಂಬಲಕ್ಕೆ ನಿಂತಿತು. ಅಂದಿನಿಂದ ಕುದುರೆಗಳ ನಡಿಗೆ ನಡೆದುಬಂದಿದೆ.

ಅಂಕಲಿಯಿಂದ ಅಷ್ಟೇನೂ ದೂರವಿಲ್ಲದ ದಿಗ್ಗೇವಾಡಿ, ಚಿಂಚಲಿ, ರಾಯಬಾಗದ ಸುತ್ತಿನ ಕೃಷ್ಣಾ ತೀರದ ಸೀಮೆಯಲ್ಲಿ ಕನ್ನಡವೂ ಮರಾಠಿಯೂ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುತ್ತವೆ. ಇಲ್ಲಿನವರಿಗೆ ವಾರಿ ಎಂದರೆ ವಿವರಿಸಿ ಹೇಳಬೇಕಿಲ್ಲ. ಊರಲ್ಲಿ ಒಬ್ಬ ಕುಡುಕ ಕುಡಿತ ಬಿಟ್ಟನೆಂದರೆ ಜನ ಅದನ್ನು ಹೇಳುವ ಬಗೆಯೂ ಅಲ್ಲಿಂದಲೇ ಬಂದದ್ದು: “ಅಂವ ಮಾಳ ಹಾಕ್ಯಾನ.” ತುಳಸಿ ಮಣಿಗಳ ಮಾಳ ಕೊರಳಿಗೆ ಬಿತ್ತೆಂದರೆ ಮದ್ಯವಿಲ್ಲ, ಮಾಂಸವಿಲ್ಲ. ಹೀಗೆ ಬದುಕು ತಿದ್ದಿಕೊಂಡವರು ಈ ಭಾಗದ ಅನೇಕ ಊರುಗಳಲ್ಲಿದ್ದಾರೆ. ಮಾಳ ಹಾಕಿ, ಒಂದೆರಡು ವರ್ಷದಲ್ಲಿ ತೆಗೆದಿಟ್ಟು, ಮತ್ತೆ ಗುತ್ತಿಗೆ ಅಂಗಡಿಯ ಹಾದಿ ಹಿಡಿದವರೂ ಇದ್ದಾರೆ. ಒಬ್ಬನಿಗೆ ದಕ್ಕಿದ್ದು ಇನ್ನೊಬ್ಬನಿಗೇಕೆ ದಕ್ಕಲಿಲ್ಲ? ಚಟ ಬಿಡುವುದು ಹೇಗೆಂದು ಎಲ್ಲರೂ ಹೇಳುತ್ತಾರೆ. ಬಿಟ್ಟದ್ದು ಮರಳಿ ಬಾರದಂತೆ ಇರುವುದು ಹೇಗೆ? ಈ ಎರಡನೆಯ ಪ್ರಶ್ನೆಗೂ ಒಂದು ಚರಿತ್ರೆಯಿದೆ. ಅದರ ಕೆಲವು ಮುಖ್ಯ ಅಧ್ಯಾಯಗಳು ನಡೆದದ್ದು ನಮ್ಮ ನೆಲದಲ್ಲೇ.

ಕೊರಳಿನ ಮಾಳ, ಕಾಲಿನ ದಾರಿ

ಮಾಳವನ್ನು ಬರಿಯ ಆಣೆ ಎಂದು ತಿಳಿದರೆ ಅದರ ಅರ್ಧ ಬಲವಷ್ಟೇ ಕಂಡಂತೆ. ಆಣೆ ಹಾಕುವುದು ಒಂದು ಗಳಿಗೆಯ ಕೆಲಸ. ದೇವರ ಮುಂದೆ, ಹೆತ್ತವ್ವನ ತಲೆಯ ಮೇಲೆ, ಮಗುವಿನ ಮೇಲೆ ಕೈಯಿಟ್ಟು ಆಣೆ ಮಾಡಿದವರ ಸಂಖ್ಯೆಗೆ ಲೆಕ್ಕವಿಲ್ಲ. ಅವರಲ್ಲಿ ಹೆಚ್ಚಿನವರು ಆ ಗಳಿಗೆಯಲ್ಲಿ ಸುಳ್ಳಾಡಿದವರಲ್ಲ. ಆದರೆ ಆಣೆಗೆ ಮರುದಿನ ಎಂಬುದಿಲ್ಲ. ಮಾಳಕ್ಕೆ ಇದೆ.

ಮೊದಲನೆಯದಾಗಿ, ಅದು ಕಣ್ಣಿಗೆ ಕಾಣುತ್ತದೆ. ಮದುವೆಯ ಹಂದರದ ಹಿಂದೆ ಸೇರಿದ ಗುಂಪಿನಲ್ಲಿ ಹಿರಿಯನೊಬ್ಬ, “ಒಂದ ಗುಟುಕು ತಗೊಳೋ ತಮ್ಮಾ, ಏನೂ ಆಗೂದಿಲ್ಲ” ಎಂದರೆ, “ಬ್ಯಾಡ್ರಿ ಕಾಕಾ, ಮಾಳ ಹಾಕೀನ್ರಿ” ಎಂದರೆ ಸಾಕು. ವಾದ ಬೆಳೆಯುವುದಿಲ್ಲ. ಕರೆದವನಿಗೆ ಅವಮಾನವಿಲ್ಲ, ಒಲ್ಲೆನೆಂದವನಿಗೆ ಸಂಕೋಚವಿಲ್ಲ. ಎರಡನೆಯದಾಗಿ, ಅದಕ್ಕೆ ಸಂಗಡಿಗರಿದ್ದಾರೆ. ಸಂಜೆಯ ಹೊತ್ತು ಎಲ್ಲಿ ಕಳೆಯಬೇಕೆಂಬ ಪ್ರಶ್ನೆಗೆ ಭಜನೆಯ ಮನೆ ಉತ್ತರ ಕೊಡುತ್ತದೆ. ಕುಡಿತ ಬಿಟ್ಟವನಿಗೆ ಅತಿ ಕಠಿಣವಾದದ್ದು ಖಾಲಿ ಸಂಜೆ. ಮೂರನೆಯದಾಗಿ, ಅದಕ್ಕೊಂದು ಪಂಚಾಂಗವಿದೆ. ತಿಂಗಳಿಗೆ ಎರಡು ಏಕಾದಶಿ; ವರ್ಷಕ್ಕೆ ಚೈತ್ರ, ಆಷಾಢ, ಕಾರ್ತಿಕ, ಮಾಘಗಳಲ್ಲಿ ನಾಲ್ಕು ವಾರಿ. ಮಾತನ್ನು ಒಮ್ಮೆ ಕೊಟ್ಟು ಮರೆಯುವಂತಿಲ್ಲ. ಏಕಾದಶಿಗೊಮ್ಮೆ ನೆನೆಯಬೇಕು, ದಿಂಡಿಯಲ್ಲಿ ನಡೆದು ನವೀಕರಿಸಬೇಕು. ವಾರಿ ಎಂದರೆ ಮತ್ತೆ ಮತ್ತೆ ಹೋಗಿಬರುವುದು. ವ್ರತದ ಜೀವ ಈ ಮರಳುವಿಕೆಯಲ್ಲಿದೆ.

ಆದರೆ ಈ ಏರ್ಪಾಡಿನಲ್ಲೂ ಒಂದು ಸಂದುಂಟು. ಮಾಳ ಹಾಕಿಯೂ ಒಂದು ರಾತ್ರಿ ಜಾರಿದವನು ಮರುದಿನ ಭಜನೆಯ ಮನೆಗೆ ಯಾವ ಮುಖ ಹೊತ್ತು ಹೋಗಬೇಕು? ಎಲ್ಲರಿಗೂ ಕಾಣುವ ಗುರುತು ಕಾಯುತ್ತದೆ. ಜಾರಿದ ದಿನ ಅದೇ ಗುರುತು ಸುಡುತ್ತದೆ. ಅಂಥ ಅನೇಕರು ಮಾಳ ಬಿಚ್ಚಿ ಗೂಡಿನಲ್ಲಿಟ್ಟು, ‘ಇನ್ನು ಮುಗಿಯಿತು’ ಎಂದುಕೊಂಡು ಮೊದಲಿಗಿಂತ ಹೆಚ್ಚು ಕುಡಿಯುತ್ತಾರೆ. ಜಾರಿದ್ದು ಒಂದು ಗುಟುಕಿಗೆ, ಮುಳುಗಿದ್ದು ನಾಚಿಕೆಗೆ. ಮುಂದಿನ ಕಥೆಯೆಲ್ಲ ಈ ನಾಚಿಕೆಯನ್ನು ದಾಟಿಸುವ ದಾರಿ ಹುಡುಕಿದ ಕಥೆ.

ಅಂಗಡಿಗೆ ಬೀಗ

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಸರ್ಕಾರ ಬೇರೊಂದು ದಾರಿ ಹಿಡಿಯಿತು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಕೊಲ್ಲಾಪುರ ಸಂಸ್ಥಾನದ ಆಳ್ವಿಕೆಯಲ್ಲಿದ್ದ ರಾಯಬಾಗವೂ 1949ರಲ್ಲಿ ಆ ಸಂಸ್ಥಾನದ ವಿಲೀನದೊಂದಿಗೆ ಮುಂಬಯಿಗೆ ಸೇರಿತು. ಅದೇ ವರ್ಷ ಮುಂಬಯಿ ಪಾನನಿಷೇಧ ಕಾಯ್ದೆ ಬಂತು. 1950ರ ಏಪ್ರಿಲ್‌ನಲ್ಲಿ ಪೂರ್ಣ ಪಾನನಿಷೇಧ ಜಾರಿಯಾಯಿತು. ಆರೋಗ್ಯದ ಕಾರಣಕ್ಕೆ ಕುಡಿಯಲೇಬೇಕೆನ್ನುವವರಿಗೆ ಪರವಾನಗಿ ಎಂಬ ಕಿಂಡಿಯೊಂದನ್ನು ಬಿಟ್ಟರೆ ಉಳಿದವರಿಗೆಲ್ಲ ಅಂಗಡಿಯ ಬಾಗಿಲು ಮುಚ್ಚಿತು.

ಪಾನನಿಷೇಧದಿಂದ ಏನೂ ಆಗಲಿಲ್ಲ ಎಂದು ಹೇಳುವುದು ನ್ಯಾಯವಲ್ಲ. ದಾರಿಯಲ್ಲಿ ಅಂಗಡಿಯಿಲ್ಲದಿದ್ದರೆ ಹೊಸಬರು ಕಲಿಯುವುದು ತಪ್ಪುತ್ತದೆ. ಬಿಟ್ಟವನ ಕಣ್ಣಿಗೂ ಪ್ರಲೋಭನೆ ಕಡಿಮೆ. ಆದರೆ ಕಾಯ್ದೆಗೆ ಕಂಡದ್ದು ಬಾಟಲಿ, ಮನುಷ್ಯನಲ್ಲ. ಹತ್ತಾರು ವರ್ಷ ಕುಡಿದ ದೇಹಕ್ಕೆ ಬೀಗ ಬಿದ್ದ ಸುದ್ದಿ ಗೊತ್ತಾಗುವುದಿಲ್ಲ. ಅದು ಹೊಲದ ಬದುವಿನ ಹಾತಭಟ್ಟಿಯನ್ನು ಹುಡುಕಿಕೊಂಡಿತು. 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. 1960ರ ದಶಕದ ಕೊನೆಗೆ ಆ ರಾಜ್ಯದಲ್ಲಿ ಪಾನನಿಷೇಧ ಸಡಿಲಾಗಿ ಅಂಗಡಿಗಳು ಮತ್ತೆ ತೆರೆದವು. ನಾಲ್ಕು ದಶಕಗಳ ಬಳಿಕ, 2007ರ ಜುಲೈ 1ರಿಂದ ಕರ್ನಾಟಕ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಹಳ್ಳಿಯ ಹೆಂಗಸರು ಬೇಡಿ ಬಯಸಿದ ಹೆಜ್ಜೆಯದು. ಆದರೆ ಪ್ಯಾಕೆಟ್ ಹೋದ ಜಾಗಕ್ಕೆ ಅನೇಕ ಕಡೆ ಅಗ್ಗದ ವಿಸ್ಕಿ, ರಮ್ಮುಗಳು ಬಂದವು. ಗಡಿಯ ಊರುಗಳಿಗೆ ಇನ್ನೊಂದು ತೊಡಕು. ಒಂದು ರಾಜ್ಯದ ಬೀಗಕ್ಕೆ ಇನ್ನೊಂದು ರಾಜ್ಯದಲ್ಲಿ ಬೀಗದ ಕೈ ಸಿಗುತ್ತದೆ.

ಜೋಳಿಗೆಯೊಂದು ಬಂತು

1975ರಲ್ಲಿ ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮಿಗಳು ಹೊಸದೊಂದು ಭಿಕ್ಷಾಟನೆ ಆರಂಭಿಸಿದರು. ಅವರು ಹುಟ್ಟಿದ್ದು 1930ರ ಆಗಸ್ಟ್ 1ರಂದು, ಕೃಷ್ಣೆಯ ದಡದ ಜಮಖಂಡಿ ತಾಲ್ಲೂಕಿನ ಹಿಪ್ಪರಗಿಯಲ್ಲಿ. ಅಥಣಿ, ರಾಯಬಾಗದವರಿಗೆ ನೆರೆಯ ಊರು ಎನ್ನಬಹುದು. ಜಂಗಮನ ಜೋಳಿಗೆಗೆ ಜೋಳ, ರೊಟ್ಟಿ ಬೀಳುವುದು ವಾಡಿಕೆ. ಇವರು ಬೀದಿಬೀದಿ ಅಲೆದು ಬೇಡಿದ್ದು ದುಶ್ಚಟಗಳನ್ನು. ಬೀಡಿ ಸೇದುವವನು ಬೀಡಿಕಟ್ಟನ್ನು, ತಂಬಾಕು ತಿಕ್ಕುವವನು ಚೀಟನ್ನು, ಕುಡಿಯುವವನು ಕುಡಿತವನ್ನು ಜೋಳಿಗೆಗೆ ಹಾಕಿ ‘ಇನ್ನು ಮುಟ್ಟೆನು’ ಎಂದು ಮಾತು ಕೊಡಬೇಕು. ‘ಮಹಾಂತ ಜೋಳಿಗೆ’ ಎಂದೇ ಹೆಸರಾದ ಈ ಯಾತ್ರೆ ದಶಕಗಳ ಕಾಲ ನಡೆಯಿತು. ಸ್ವಾಮಿಗಳು 2018ರ ಮೇ ತಿಂಗಳಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ‘ವ್ಯಸನಮುಕ್ತ ದಿನ’ವಾಗಿ ಆಚರಿಸುತ್ತದೆ.

ಜೋಳಿಗೆಯ ಕಲ್ಪನೆಯಲ್ಲಿ ಒಂದು ಸೂಕ್ಷ್ಮವಿದೆ. ‘ಚಟ ಬಿಡು’ ಎಂದು ಗದರಿಸುವುದರಲ್ಲಿ ಹೇಳುವವನು ಮೇಲೆ, ಕೇಳುವವನು ಕೆಳಗೆ. ಭಿಕ್ಷೆ ಬೇಡುವುದರಲ್ಲಿ ಇದು ತಿರುವುಮುರುವಾಗುತ್ತದೆ. ಕುಡುಕನೇ ದಾನಿ, ಸ್ವಾಮಿಯೇ ಬೇಡುವವನು. ಊರೆಲ್ಲ ಛೀಮಾರಿ ಹಾಕಿದ ಮನುಷ್ಯನಿಗೆ ತಾನೂ ಏನನ್ನೋ ಕೊಡಬಲ್ಲೆ ಎಂಬ ಮರ್ಯಾದೆ ಸಿಗುತ್ತದೆ. ಆದರೂ ಯಾತ್ರೆ ಮುಂದಿನ ಊರಿಗೆ ಸಾಗಿದ ಮೇಲೆ ಉಳಿಯುವ ಪ್ರಶ್ನೆ ಹಳೆಯದೇ. ಜೋಳಿಗೆ ಹೋಯಿತು, ಅಂಗಡಿ ಉಳಿಯಿತು. ಕೊಟ್ಟ ಮಾತನ್ನು ನಾಳೆ ಸಂಜೆ ಏಳು ಗಂಟೆಗೆ ಕಾಯುವವರು ಯಾರು?

ಮೂರು ತಿಂಗಳ ಗಂಡಾಂತರ

ವಿಜ್ಞಾನಿಗಳೂ ಆ ದಶಕದಲ್ಲೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. 1971ರಲ್ಲಿ ಅಮೆರಿಕದ ಹಂಟ್ ಮತ್ತು ಸಂಗಡಿಗರು ಒಂದು ಲೆಕ್ಕ ಮುಂದಿಟ್ಟರು. ಚಿಕಿತ್ಸೆ ಪಡೆದು ಬಿಟ್ಟವರಲ್ಲಿ ಎಷ್ಟು ಮಂದಿ, ಎಷ್ಟು ದಿನಕ್ಕೆ ಮರಳಿ ಚಟಕ್ಕೆ ಬಿದ್ದರೆಂಬ ಲೆಕ್ಕವದು. ಹೆರಾಯಿನ್, ತಂಬಾಕು, ಮದ್ಯ ಎಂಬ ಮೂರು ಬೇರೆ ಬೇರೆ ಚಟಗಳ ಗೆರೆಗಳನ್ನು ಒಂದೇ ಹಾಳೆಯ ಮೇಲೆ ಎಳೆದಾಗ ಅವು ಹೆಚ್ಚುಕಡಿಮೆ ಒಂದರ ಮೇಲೊಂದು ಕೂತವು. ಮೊದಲ ಮೂರು ತಿಂಗಳಲ್ಲೇ ಮೂರರಲ್ಲಿ ಎರಡು ಪಾಲು ಜನ ಮರಳಿದ್ದರು. ಅಲ್ಲಿಂದ ಮುಂದೆ ಗೆರೆ ನಿಧಾನಕ್ಕೆ ಚಪ್ಪಟೆಯಾಗುತ್ತಿತ್ತು. ಮದ್ದು ಯಾವುದೇ ಇರಲಿ, ಗಂಡಾಂತರದ ಕಾಲ ಒಂದೇ.

ಅದೇ ಹೊತ್ತಿಗೆ ಇನ್ನೊಂದು ಅಚ್ಚರಿ ಬೆಳಕಿಗೆ ಬಂತು. ವಿಯಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸಾಮಾನ್ಯ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬ ಅಲ್ಲಿ ಹೆರಾಯಿನ್ ಮುಂತಾದ ಅಫೀಮು ಜಾತಿಯ ಮಾದಕಗಳಿಗೆ ದಾಸನಾಗಿದ್ದ. ಇವರೆಲ್ಲ ಮರಳಿ ಬಂದರೆ ದೇಶದ ಗತಿಯೇನೆಂದು ಸರ್ಕಾರ ಗಾಬರಿಗೊಂಡಿತು. ಲೀ ರಾಬಿನ್ಸ್ ಎಂಬ ಸಂಶೋಧಕಿ ಅವರ ಬೆನ್ನು ಹಿಡಿದು ವಿಚಾರಿಸಿದಾಗ ಕಂಡದ್ದೇ ಬೇರೆ. ಅಲ್ಲಿ ದಾಸರಾಗಿದ್ದವರಲ್ಲಿ ಮನೆಗೆ ಮರಳಿದ ಮೊದಲ ವರ್ಷ ಮತ್ತೆ ದಾಸರಾದವರು ನೂರಕ್ಕೆ ಐದರ ಆಸುಪಾಸು ಮಾತ್ರ. ಕಾರಣಗಳು ಹಲವು. ಮುಖ್ಯವಾದ ಒಂದು, ಜಾಗದ ಬದಲಾವಣೆ. ಚಟ ಹತ್ತಿದ ಜಾಗ, ಆ ಭಯ, ಆ ಬೇಸರ, ಆ ಗೆಳೆಯರು, ಎಲ್ಲವೂ ಸಮುದ್ರದಾಚೆ ಉಳಿದವು.

ನಮ್ಮ ಹಳ್ಳಿಯವನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅವನು ಚಟ ಬಿಡಲು ಬೇರೆ ಜಾಗಕ್ಕೆ ಹೋಗುತ್ತಾನೆ, ಚಟ ಹತ್ತಿದ ಜಾಗಕ್ಕೇ ಮರಳುತ್ತಾನೆ. ದಿಂಡಿಯ ಇಪ್ಪತ್ತು ದಿನ ಕುಡಿಯದೆ ಇರುವುದು ಅನೇಕರಿಗೆ ಕಷ್ಟವಲ್ಲ. ಆಸ್ಪತ್ರೆಯ ಮಂಚದ ಮೇಲೂ ಅಷ್ಟೆ. ಪರೀಕ್ಷೆ ಶುರುವಾಗುವುದು ಊರ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ. ಅದೇ ತಿರುವು, ಅದೇ ಅಂಗಡಿಯ ದೀಪ, ಅದೇ ಗೆಳೆಯನ ಬೈಕು. ಇವುಗಳಲ್ಲಿ ಯಾವುದೊಂದು ಕಂಡರೂ ಹಳೆಯ ದಾಹ ತಟ್ಟನೆ ಏಳುತ್ತದೆ. ಮಿದುಳು ವರ್ಷಗಟ್ಟಲೆ ಆ ನೋಟವನ್ನೂ ಆ ನಿಶೆಯನ್ನೂ ಜೋಡಿಸಿ ಕಲಿತಿದೆ. ಅದನ್ನು ಮನಸ್ಸಿನ ದೌರ್ಬಲ್ಯ ಎನ್ನಲಾಗದು. ಕಲಿತದ್ದು ಮಾಸಲು ಕಾಲ ಬೇಕು.

ಈ ಕಾಲವನ್ನು ದಾಟಿಸುವ ಶಾಸ್ತ್ರವನ್ನು ಕಟ್ಟಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಆಲನ್ ಮಾರ್ಲಟ್ ಪ್ರಮುಖರು. 1985ರಲ್ಲಿ ಜುಡಿತ್ ಗಾರ್ಡನ್ ಜೊತೆ ಅವರು ಹೊರತಂದ ಗ್ರಂಥ ಈ ಕ್ಷೇತ್ರದ ಆಧಾರಗ್ರಂಥವಾಯಿತು. ಮರಳಿ ಬಿದ್ದವರನ್ನು ‘ಯಾವಾಗ, ಎಲ್ಲಿ, ಏನಾಗಿತ್ತು’ ಎಂದು ವಿಚಾರಿಸಿದಾಗ ಮೂರು ಸಂದರ್ಭಗಳು ಮೇಲೆದ್ದು ಕಂಡವು. ಒಂದು, ಮನಸ್ಸು ಕೆಟ್ಟ ಹೊತ್ತು: ದುಃಖ, ಸಿಟ್ಟು, ಬೇಸರ. ಎರಡು, ಮನೆಯವರೊಂದಿಗೋ ಜೊತೆಗಾರರೊಂದಿಗೋ ಜಗಳ. ಮೂರು, ಗೆಳೆಯರ ಒತ್ತಾಯ. ಇವನ್ನು ಮೊದಲೇ ಗುರುತಿಸಿ, ಆ ಗಳಿಗೆ ಬಂದರೆ ಏನು ಮಾಡಬೇಕೆಂಬುದನ್ನು ತಾಲೀಮಿನಂತೆ ಕಲಿಯಬೇಕೆಂದು ಅವರು ಹೇಳಿದರು.

ಅದಕ್ಕಿಂತ ದೊಡ್ಡದು ಅವರು ಮಾಡಿದ ಇನ್ನೊಂದು ವಿಂಗಡಣೆ. ಜಾರುವುದು ಬೇರೆ, ಬೀಳುವುದು ಬೇರೆ. ಒಂದು ಗುಟುಕು ಜಾರುವಿಕೆ. ಹಳೆಯ ಬದುಕಿಗೆ ಪೂರ್ತಿ ಮರಳುವುದು ಬೀಳುವಿಕೆ. ಒಂದರಿಂದ ಇನ್ನೊಂದಕ್ಕೆ ದೂಡುವುದು ಬಹಳ ಸಲ ಮದ್ಯದ ಬಲಕ್ಕಿಂತ ಹೆಚ್ಚಾಗಿ ಮನುಷ್ಯ ತನ್ನ ಬಗ್ಗೆ ಕೊಟ್ಟುಕೊಳ್ಳುವ ತೀರ್ಪು: ‘ವ್ರತ ಮುರಿಯಿತು, ನನ್ನಿಂದಾಗದು, ಇನ್ನೇನು ಉಳಿಯಿತು.’ ಗೂಡಿನಲ್ಲಿ ಮಾಳ ತೆಗೆದಿಟ್ಟವನ ಕಥೆಯೇ ಇದು.

ಜಾರಿದ ಮರುದಿನ ಹುಟ್ಟಿದ ಸಂಘ

ಮದ್ಯವ್ಯಸನಿಗಳ ಅತಿ ದೊಡ್ಡ ಪರಸ್ಪರ ಸಹಾಯ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಜನ್ಮದಿನ 1935ರ ಜೂನ್ 10. ಈ ದಿನದ ಹಿನ್ನೆಲೆ ಕುತೂಹಲದ್ದು. ಆ ವರ್ಷದ ಮೇ ತಿಂಗಳಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರು ಅಮೆರಿಕದ ಆಕ್ರನ್ ಪಟ್ಟಣಕ್ಕೆ ಬಂದಿದ್ದರು. ವ್ಯವಹಾರ ಕೈಕೊಟ್ಟಿತು. ಹೋಟೆಲಿನಲ್ಲಿ ಒಬ್ಬಂಟಿ, ಪಕ್ಕದಲ್ಲೇ ಬಾರು. ಒಳಗೆ ಹೋಗುವ ಬದಲು ಅವರು ಫೋನೆತ್ತಿ, ತನ್ನಂಥ ಇನ್ನೊಬ್ಬ ಕುಡುಕನ ಜೊತೆ ಮಾತಾಡಬೇಕೆಂದು ಕಂಡಕಂಡವರನ್ನು ಕೇಳಿದರು. ಹಾಗೆ ಸಿಕ್ಕವರು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಗೆಳೆತನ ಬೆಳೆಯಿತು, ಡಾಕ್ಟರರು ಕುಡಿತ ಬಿಟ್ಟರು. ಕೆಲ ವಾರಗಳಲ್ಲಿ ವೈದ್ಯರ ಸಮ್ಮೇಳನಕ್ಕೆಂದು ಬೇರೆ ಊರಿಗೆ ಹೋದಾಗ ಮತ್ತೆ ಕುಡಿದರು. ಮರಳಿ ಬಂದಾಗ ಗೆಳೆಯ ಬಾಗಿಲು ಹಾಕಲಿಲ್ಲ. ಡಾಕ್ಟರರು ಕೊನೆಯ ಸಲ ಕುಡಿದ ದಿನವೆಂದು ಲೆಕ್ಕ ಹಿಡಿದದ್ದು ಜೂನ್ 10. ಸಂಘ ಅದನ್ನೇ ತನ್ನ ಹುಟ್ಟುಹಬ್ಬವಾಗಿಸಿಕೊಂಡಿತು. ಅಂದರೆ ಅದು ಹುಟ್ಟಿದ್ದು ಜಾರಿದವನೊಬ್ಬ ಮತ್ತೆ ಎದ್ದಾಗ. 1957ರಲ್ಲಿ ಭಾರತಕ್ಕೆ ಬಂದ ಈ ಸಂಘದ ಸಭೆಗಳು ಇಂದು ಕರ್ನಾಟಕದ ಅನೇಕ ಊರುಗಳಲ್ಲಿ ನಡೆಯುತ್ತವೆ. ಜೀವನಪರ್ಯಂತದ ಆಣೆಯನ್ನು ಅವರು ಕೇಳುವುದಿಲ್ಲ. ಇವತ್ತೊಂದು ದಿನ ಕುಡಿಯದಿದ್ದರೆ ಸಾಕು, ನಾಳೆಯದು ನಾಳೆಗೆ.

ಕರ್ನಾಟಕದ್ದೇ ಆದ ಮಾದರಿಯೊಂದು 1990ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ರೂಪುಗೊಂಡಿತು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಹುಟ್ಟಿದ ಜನಜಾಗೃತಿ ವೇದಿಕೆ ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸತೊಡಗಿತು. ಆಸ್ಪತ್ರೆಯಲ್ಲಲ್ಲ, ಊರಿನ ಸಭಾಭವನದಲ್ಲೋ ಕಲ್ಯಾಣಮಂಟಪದಲ್ಲೋ ಸುಮಾರು ಒಂದು ವಾರದ ಶಿಬಿರ. ಖರ್ಚು, ಅಡುಗೆ, ಉಸ್ತುವಾರಿಗೆ ಊರವರದೇ ಸಮಿತಿ. ಹೆಂಡತಿ ಮಕ್ಕಳೂ ಒಂದು ಹಂತದಲ್ಲಿ ಬಂದು ಕೂಡುತ್ತಾರೆ. ಈ ಶಿಬಿರಗಳು ಕ್ರಮೇಣ ಬೆಳಗಾವಿ ಸೀಮೆಯವರೆಗೂ ಹಬ್ಬಿದವು.

ಶಿಬಿರಕ್ಕಿಂತ ಮುಖ್ಯವಾದದ್ದು ಅದರ ಬಾಲದಲ್ಲಿದೆ. ಶಿಬಿರ ಮುಗಿಸಿದವರು ತಮ್ಮೂರಲ್ಲಿ ‘ನವಜೀವನ ಸಮಿತಿ’ ಕಟ್ಟಿಕೊಂಡು ಮತ್ತೆ ಮತ್ತೆ ಸೇರುತ್ತಾರೆ. ನೂರು ದಿನ ತುಂಬಿದಾಗ ‘ಶತದಿನೋತ್ಸವ’ ಮಾಡುತ್ತಾರೆ. ಹಂಟ್ ಅವರ ಗೆರೆ ತೋರಿಸಿದ ಮೂರು ತಿಂಗಳ ಗಂಡಾಂತರ ದಾಟುವ ಹೊತ್ತೂ ಹೆಚ್ಚುಕಡಿಮೆ ಅದೇ ನೂರನೆಯ ದಿನದ ಸುಮಾರು. ಗಾಂಧಿ ಜಯಂತಿಯ ಸಮಯದಲ್ಲಿ ಈ ನವಜೀವನ ಸದಸ್ಯರ ಸಮಾವೇಶಗಳು ನಡೆಯುತ್ತವೆ. ಪಂಚಾಂಗ, ಸಂಗಡಿಗರು, ಕಣ್ಣಿಗೆ ಕಾಣುವ ಗುರುತು: ತುಳಸಿ ಮಾಳ ಕಲಿಸಿದ ಮೂರೂ ಪಾಠಗಳು ಇಲ್ಲಿ ಬೇರೆ ಉಡುಪಿನಲ್ಲಿ ಬಂದಿವೆ.

ವೈದ್ಯರ ಮಾತು

ವೈದ್ಯಶಾಸ್ತ್ರ ಇದಕ್ಕೆ ಸೇರಿಸಿದ್ದು ಸಣ್ಣದಲ್ಲ. 2000ದಲ್ಲಿ ಅಮೆರಿಕದ ಮೆಕ್‌ಲೆಲನ್ ಮತ್ತು ಸಂಗಡಿಗರು ವ್ಯಸನವನ್ನು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಉಬ್ಬಸಗಳ ಪಕ್ಕದಲ್ಲಿಟ್ಟು ತೂಗಿದರು. ಚಿಕಿತ್ಸೆ ಪಡೆದವರಲ್ಲಿ ಮರಳಿ ರೋಗ ಉಲ್ಬಣಿಸುವ ಪ್ರಮಾಣ ಇವೆಲ್ಲದರಲ್ಲೂ ಹೆಚ್ಚು ಬೇರೆಯಲ್ಲ. ಆದರೆ ರಕ್ತದೊತ್ತಡ ಮತ್ತೆ ಏರಿದರೆ ಗುಳಿಗೆ ಬದಲಿಸಿ ಎನ್ನುತ್ತೇವೆ. ಕುಡಿತ ಮರುಕಳಿಸಿದರೆ ಮನುಷ್ಯನೇ ಸರಿಯಿಲ್ಲ ಎನ್ನುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ದೀರ್ಘಕಾಲದ ಕಾಯಿಲೆಯನ್ನು ನೋಡುವ ಕಣ್ಣಿನಿಂದಲೇ ಅಲ್ಲಿ ಇದನ್ನು ನೋಡುತ್ತಾರೆ.

ಮನೆಯವರು ತಿಳಿದಿರಬೇಕಾದ ಮೂರು ಸಂಗತಿಗಳಿವೆ. ದಿನವಿಡೀ ಕುಡಿಯುವವನು ಆಣೆ ಹಾಕಿ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದು. ಅಂಥವರು ಬಿಡುವುದು ವೈದ್ಯರ ಕಣ್ಣಳತೆಯಲ್ಲೇ ಆಗಬೇಕು. ಎರಡನೆಯದು, ಗುಟ್ಟಾಗಿ ಹಾಕುವ ಮದ್ದು. ಡೈಸಲ್ಫಿರಾಮ್ ಎಂಬ ಗುಳಿಗೆಯ ಗುಣ 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನಲ್ಲಿ ಪತ್ತೆಯಾಯಿತು. ಅದನ್ನು ನುಂಗಿ ಮದ್ಯ ಮುಟ್ಟಿದರೆ ಎದೆ ಹೊಡೆದುಕೊಂಡು ವಾಂತಿಯಾಗುತ್ತದೆ. ತಿಳಿದು, ಒಪ್ಪಿ, ವೈದ್ಯರ ಸಲಹೆಯಂತೆ ತೆಗೆದುಕೊಂಡವರಿಗೆ ಅದು ಕಾವಲು. ಹೇಳದೆ ಸಾರಿನಲ್ಲಿ ಬೆರೆಸಿದರೆ ಪ್ರಾಣಾಪಾಯ. ಜಾಹೀರಾತಿನ ಗುಟ್ಟಿನ ಪುಡಿಗಳ ವಿಷಯದಲ್ಲೂ ಎಚ್ಚರ ಬೇಕು. ಇತ್ತೀಚಿನ ದಶಕಗಳಲ್ಲಿ ದಾಹವನ್ನೇ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಗುಳಿಗೆಗಳೂ ಬಂದಿವೆ.

ಮೂರನೆಯದು ಹೆರಾಯಿನ್ ಮುಂತಾದ ಅಫೀಮು ಜಾತಿಯ ಮಾದಕಗಳದ್ದು. ಕೆಲ ವಾರ ಬಿಟ್ಟಿದ್ದ ದೇಹ ಹಿಂದಿನ ತಾಳಿಕೆಯನ್ನು ಕಳೆದುಕೊಂಡಿರುತ್ತದೆ. ಜಾರಿದವನು ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಆದ್ದರಿಂದ ಇವರಿಗೆ ಬುಪ್ರೆನಾರ್ಫಿನ್, ಮೆಥಡೋನ್‌ನಂಥ ಔಷಧಗಳನ್ನು ವೈದ್ಯರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೊಡುವುದುಂಟು. ‘ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದರು’ ಎಂಬ ದೂರು ಸರಿಯಲ್ಲ. ಈ ಔಷಧ ಅವರನ್ನು ಬದುಕಿಸಿ ಕೆಲಸಕ್ಕೆ ಹಚ್ಚುತ್ತದೆ. ಚಿಕಿತ್ಸೆಗೆ ತಾವಾಗಿ ಮುಂದೆ ಬರುವ ವ್ಯಸನಿಗಳಿಗೆ ರಕ್ಷಣೆ ಕೊಡುವ ಅವಕಾಶ 1985ರ ಮಾದಕವಸ್ತು ಕಾಯ್ದೆಯಲ್ಲೇ ಇದೆ.

ಇಷ್ಟೆಲ್ಲ ಇದ್ದೂ ದೊರಕುವವರೆಷ್ಟು? 2019ರಲ್ಲಿ ಕೇಂದ್ರ ಸರ್ಕಾರ ಹೊರತಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಮಂದಿಯ ಆಸ್ಪತ್ರೆ, ಸಂಘ, ಶಿಬಿರ ಎಲ್ಲವೂ ಅವರ ಮನೆಯೇ. ಈಗ ವ್ಯಸನಮುಕ್ತಿಗೆಂದು 14446, ಮಾನಸಿಕ ಆರೋಗ್ಯಕ್ಕೆಂದು 14416 ಎಂಬ ಉಚಿತ ದೂರವಾಣಿ ಸಂಖ್ಯೆಗಳಿವೆ. ಆದರೂ ಜಾರಿದ ರಾತ್ರಿ ಮೊದಲು ತಟ್ಟುವ ಬಾಗಿಲು ಮನೆಯದೇ.

ಮನೆಯ ಬಾಗಿಲು

ಈ ಸೀಮೆಯ ಮನೆಯೊಂದು ತನ್ನ ಗಂಡಾಂತರದ ದಿನಗಳನ್ನು ಮೊದಲೇ ಗುರುತು ಹಾಕಿಕೊಳ್ಳಬಹುದು. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬರುವ ದಿನ. ಕಬ್ಬು ಕಡಿಯುವ ಗ್ಯಾಂಗಿನವರಿಗೆ ಮುಂಗಡ ಕೈಸೇರುವ ದಿನ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆಂದು ನೆಂಟರು, ಗೆಳೆಯರು ಕೂಡುವ ದಿನ. ಚುನಾವಣೆಯ ಮುನ್ನಾದಿನ. ಬೆಳೆ ನೀರಿನಡಿ ಹೋದ ದಿನ: 2005, 2019, 2021ರ ಕೃಷ್ಣೆಯ ಪ್ರವಾಹಗಳನ್ನು ಇಲ್ಲಿನವರು ಮರೆಯಲಾರರು. ಮಾರ್ಲಟ್ ಹೇಳಿದ ಮೂರು ಸಂದರ್ಭಗಳೂ ಈ ಪಟ್ಟಿಯಲ್ಲಿವೆ. ಬಿಲ್ಲಿನ ದಿನ ಹಣ ಹೆಂಡತಿಯ ಖಾತೆಗೆ ಹೋಗಲಿ, ಜಾತ್ರೆಗೆ ಕುಡಿಯದ ಗೆಳೆಯನೊಬ್ಬ ಜೊತೆಗಿರಲಿ, ಸಂಜೆ ಹೊಟ್ಟೆ ಖಾಲಿ ಇರದಿರಲಿ. ಸಣ್ಣ ಏರ್ಪಾಡುಗಳಿವು. ದಾಹ ಬಹಳ ಸಲ ಅಲೆಯಂತೆ ಏರಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ಜೊತೆಗೆ ಕೂರುವವರಿದ್ದರೆ ಆ ದಿನ ಗೆದ್ದಂತೆ.

ಇಷ್ಟಾಗಿಯೂ ಒಂದು ರಾತ್ರಿ ಅವನು ಜಾರಬಹುದು. ಆಗ ಅವನು ತೂರಾಡುತ್ತಿರುವಾಗ ಲೆಕ್ಕ ಕೇಳಿ ಫಲವಿಲ್ಲ. ಹೊಡೆತ ಬಡಿತಕ್ಕೆ ಇಳಿಯುವವನಾದರೆ ಹೆಂಡತಿ ಮಕ್ಕಳು ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು. ಸಹನೆಗೆ ಒಂದು ಎಲ್ಲೆಯಿದೆ, ಇರಬೇಕು. ನಶೆ ಇಳಿದ ಮರುದಿನ ಬೆಳಿಗ್ಗೆ ಕೇಳಬೇಕಾದ ಪ್ರಶ್ನೆ, ‘ನಿನಗೆ ನಾಚಿಕೆಯಿಲ್ಲವೇ’ ಎಂಬುದಲ್ಲ. ನಾಚಿಕೆ ಅವನಲ್ಲಿ ಬೇಕಾದುದಕ್ಕಿಂತ ಹೆಚ್ಚೇ ಇದೆ. ‘ನಿನ್ನೆ ಯಾವ ಹೊತ್ತಿಗೆ, ಎಲ್ಲಿ, ಯಾರ ಜೊತೆ?’ ಎಂದು ಕೇಳಿದರೆ ಮುಂದಿನ ಸಲಕ್ಕೆ ಒಂದು ದಾರಿ ಕಾಣುತ್ತದೆ. ನೂರು ದಿನ ಬಿಟ್ಟು ಒಂದು ದಿನ ಕುಡಿದವನು ಆ ನೂರು ದಿನ ಬಿಟ್ಟಿದ್ದದ್ದೂ ನಿಜವೇ. ಅದನ್ನು ಯಾರೂ ಅಳಿಸಲಾರರು. ಅವನು ಗೂಡಿನಿಂದ ಮಾಳ ತೆಗೆದು ಮತ್ತೆ ಕೊರಳಿಗೆ ಹಾಕಿಕೊಂಡರೆ ಭಜನೆಯ ಮನೆಯವರು ಸರಿದು ಜಾಗ ಕೊಡಬೇಕು. ನವಜೀವನ ಸಮಿತಿಯವರು ಎಣಿಕೆಯನ್ನು ಮತ್ತೆ ಒಂದರಿಂದ ಶುರು ಮಾಡಿಸಬೇಕು.

ಅಂಕಲಿಯ ಕುದುರೆಗಳು ಒಮ್ಮೆ ಪಂಢರಪುರ ಮುಟ್ಟಿದವೆಂದು ಅಲ್ಲಿಗೇ ನಿಲ್ಲುವುದಿಲ್ಲ. ಊರಿಗೆ ಮರಳುತ್ತವೆ, ಮರುವರ್ಷ ಮತ್ತೆ ಅದೇ ದಾರಿ ಹಿಡಿಯುತ್ತವೆ. ಆ ದಾರಿಯ ಬದಿಯಲ್ಲಿ ನಿಂತು ಕೈಮುಗಿಯುವವರಲ್ಲಿ ಈ ವರ್ಷ ಹೊಸದಾಗಿ ಮಾಳ ಹಾಕಿದವನೂ ಇರುತ್ತಾನೆ, ಎರಡನೆಯ ಸಲ ಹಾಕಿದವನೂ ಇರುತ್ತಾನೆ. ಕುದುರೆಗಳು ಹಾದುಹೋದ ಮೇಲೆ ಇಬ್ಬರೂ ನಡೆಯಬೇಕಾದದ್ದು ಮನೆಯ ಕಡೆಗೆ, ಅದೇ ಅಂಗಡಿಯ ಮುಂದೆಯೇ.